ಫೋನು ನಿಮ್ಮದು, ಸ್ಕ್ರೂ ಯಾರಪ್ಪಂದು?

ನಿಮ್ಮ ಜೇಬಿನಲ್ಲಿರುವ ಫೋನು ಯಾರದು? ನಮ್ಮದೇ ಅಂತೀರಿ. ಬಿಲ್ಲಿದೆ, ಕಂತು ಕಟ್ಟಿದ್ದೀರಿ, ಒಪ್ಪಿದೆ. ಹಾಗಾದರೆ ಅದರ ಕ್ಯಾಮೆರಾ ಕೆಟ್ಟ ದಿನ ಬಿಚ್ಚಿ ನೋಡಿ ಸ್ವಾಮಿ! ಕೊಟ್ಟ ದುಡ್ಡು ಮಾತ್ರ ನಿಮ್ಮದಾಗಿತ್ತು, ಫೋನು ಇನ್ನೂ ಕಂಪನಿಯ ಹಿಡಿತದಲ್ಲೇ ಇದೆ ಅನ್ನುವುದು ಅವತ್ತು ಗೊತ್ತಾಗುತ್ತದೆ. ಹಿಂಬದಿಗೆ ಗೋಂದು. ಕೆಲವಕ್ಕೆ ಐದೆಸಳಿನ ಹೂವಿನಂಥ ತಲೆಯ ಸ್ಕ್ರೂ, ಪೇಟೆಯ ಮಾಮೂಲಿ ಸ್ಕ್ರೂಡ್ರೈವರು ಅದರೊಳಗೆ ಕೂರುವುದೇ ಇಲ್ಲ. ಬಿಚ್ಚುವುದು ಹೇಗೆಂದು ಯಾವುದಾದರೂ ಕಂಪನಿ ಕನ್ನಡದಲ್ಲಿ ಅಚ್ಚು ಹಾಕಿ ಕೊಟ್ಟಿದ್ದನ್ನು, ಅಚ್ಚಿನ ಕೆಲಸದಲ್ಲೇ ತಲೆ ನೆರೆಯುತ್ತಿರುವ ನಾನಂತೂ ಕಂಡಿಲ್ಲ.

ಕ್ಯಾಮೆರಾ ಹೋದರೆ ಹೋಗಲಿ, ಸೆಲ್ಫಿ ತಪ್ಪಿತು, ಅಷ್ಟೇ ತಾನೇ ಎಂದು ಮೂಗು ಮುರಿಯುವ ದೊಡ್ಡ ಮನುಷ್ಯರಿದ್ದಾರೆ. ಅವರನ್ನು ಒಂದು ದಿನ ಹೊಸದುರ್ಗದ ತೋಟಕ್ಕೆ ಕರೆದುಕೊಂಡು ಹೋಗಿ. ದಾಳಿಂಬೆ ಕಾಯಿಗೆ ಚುಕ್ಕೆ ಬಿದ್ದರೆ ರೈತ ಮೊದಲು ಮಾಡುವ ಕೆಲಸ ಫೋಟೋ ತೆಗೆದು ತಿಳಿದವರಿಗೆ ಕಳಿಸುವುದು. 2020ರಿಂದ ನಮ್ಮ ಸರ್ಕಾರವೇ ನಿನ್ನ ಬೆಳೆಯ ಸಮೀಕ್ಷೆ ನೀನೇ ಮಾಡಿಕೋ ಎಂದು ರೈತನ ಕೈಗೆ ಆ್ಯಪ್ ಕೊಟ್ಟಿತು. ಹೊಲದಲ್ಲಿ ನಿಂತು ಫೋಟೋ ತೆಗೆಯಬೇಕು. ಅಂಗನವಾಡಿಯ ತಾಯಂದಿರಿಗೆ ರೇಷನ್ ಕೊಡಲು ಮುಖದ ಗುರುತು 2025ರಲ್ಲಿ ಕಡ್ಡಾಯವಾಯಿತು, ಅದಕ್ಕೂ ಕ್ಯಾಮೆರಾ ಬೇಕು. ಹೊಳಲ್ಕೆರೆ ಸಂತೆಯಲ್ಲಿ ಸೊಪ್ಪು ಕೊಳ್ಳಬೇಕೆಂದರೂ ಎದುರಿಗಿರುವ ಚೌಕದ ಚಿತ್ರವನ್ನು ಕ್ಯಾಮೆರಾ ಓದಬೇಕು. ಎಲ್ಲ ಕೆಲಸವನ್ನೂ ಕ್ಯಾಮೆರಾಕ್ಕೆ ಗಂಟು ಹಾಕಿದ ಮೇಲೆ ಅದನ್ನು ರಿಪೇರಿ ಮಾಡಿಕೊಳ್ಳುವ ದಾರಿಯನ್ನೂ ತೋರಿಸಬೇಕಲ್ಲವೇ?

ನನ್ನ ಫೋನಿನದನ್ನೇ ಕೇಳಿ. ಹಿಂದಿನ ಕ್ಯಾಮೆರಾ ಕಪ್ಪಾಯಿತು. ಹೆಸರು ಬೇಡ, ಒಂದು ದೊಡ್ಡ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದೆ. ಫೋನಿನ ಬೆಲೆಯ ಅರ್ಧ ಹೇಳಿದರು, ಜೊತೆಗೆ ಹತ್ತು ದಿನ ಬಿಟ್ಟು ಹೋಗಿ ಅಂದರು. ಮದುವೆ ಕಾರ್ಡಿನ ಪ್ರೂಫು ಫೋನಿನಲ್ಲೇ ಕಳಿಸುವ ಪ್ರೆಸ್ಸಿನವನು ಹತ್ತು ದಿನ ಏನು ಮಾಡಬೇಕು? 'ಹೊಸದು ತಗೊಂಡ್ಬಿಡಿ ಸಾರ್' ಎಂದು ಉಪದೇಶ ಬೇರೆ! ಬಿಡಿಭಾಗ ತರಿಸಿ ಮನೆಯಲ್ಲೇ ಹಾಕಿಕೊಂಡೆ. ಒಂದು ಸಂಜೆಯ ಕೆಲಸ.

ಅದೇನು ಬ್ರಹ್ಮವಿದ್ಯೆಯಲ್ಲ, ಹೇಳುತ್ತೇನೆ ಕೇಳಿ. ವಾರಂಟಿ ಇದ್ದರೆ ಬಿಚ್ಚಬೇಡಿ, ಹಕ್ಕಿನಿಂದ ಕೇಳಿ ಮಾಡಿಸಿಕೊಳ್ಳಿ. ವಾರಂಟಿ ಮುಗಿದಿದ್ದರೆ ಮೊದಲು ರೋಗ ಯಾವುದೆಂದು ನೋಡಿ. ಫೋಟೋ ಮಂಜಾಗಿದ್ದರೆ, ದೀಪದ ಸುತ್ತ ಬೆಳಕು ಚೆಲ್ಲಿದಂತಿದ್ದರೆ, ಕೆಟ್ಟಿರುವುದು ಬಹುಮಟ್ಟಿಗೆ ಮೇಲಿನ ಗಾಜು ಮಾತ್ರ. ಅದು ಅಗ್ಗದ ಮಾಲು, ಅದಕ್ಕೋಸ್ಕರ ಇಡೀ ಕ್ಯಾಮೆರಾ ಬದಲಿಸಿ ಅನ್ನುವವನು ನಿಮ್ಮನ್ನು ಸುಲಿಯುತ್ತಿದ್ದಾನೆ. ಚಿತ್ರ ಗಡಗಡ ನಡುಗಿದರೆ, ಒಳಗೆ ಝುಯ್ ಎಂದು ಸದ್ದು ಬಂದರೆ, ಅಲುಗಾಟ ತಡೆಯುವ ಅಂಗ ಹೋಗಿದೆ. ಆಗ ಕ್ಯಾಮೆರಾ ಬದಲಿಸಬೇಕು. ಪೂರ್ತಿ ಕಪ್ಪಾಗಿದ್ದರೆ ಫೋನು ಒಮ್ಮೆ ಆರಿಸಿ ಹಚ್ಚಿ, ಬೇರೆ ಆ್ಯಪಿನಲ್ಲೂ ನೋಡಿ. ಕೆಳಗೆ ಬಿದ್ದಾಗ ಒಳಗಿನ ಪಟ್ಟಿಯ ಕನೆಕ್ಟರು ಸಡಿಲವಾಗಿರಲೂಬಹುದು.

ಬಿಚ್ಚುವ ಮುನ್ನ ಫೋಟೋ, ದಾಖಲೆ ಬೇರೆ ಕಡೆ ಇಟ್ಟುಕೊಳ್ಳಿ. ಚಾರ್ಜು ಕಾಲುಭಾಗಕ್ಕಿಂತ ಕೆಳಗಿಳಿಯಲಿ. ಫೋನು ಆರಿಸಿ ಅಂಚಿಗೆ ಹದವಾಗಿ ಬಿಸಿಗಾಳಿ ಕೊಟ್ಟು ಪ್ಲಾಸ್ಟಿಕ್ ಕಾರ್ಡಿನಿಂದ ಎಬ್ಬಿಸಿ. ಕಾರ್ಡು ಆಳಕ್ಕೆ ಹೋದರೆ ಒಳಗಿನ ಪಟ್ಟಿ ಹರಿದೀತು. ಬ್ಯಾಟರಿ ಹತ್ತಿರ ಲೋಹ ತರಬೇಡಿ, ಚುಚ್ಚಿದರೆ ಬೆಂಕಿ! ಉಬ್ಬಿದ ಬ್ಯಾಟರಿ ಕಂಡರೆ ಅಲ್ಲಿಗೇ ನಿಲ್ಲಿಸಿ ತಿಳಿದವರಿಗೆ ಕೊಡಿ. ಒಳಗೆ ಹೋದ ಮೇಲೆ ಮೊದಲು ತೆಗೆಯಬೇಕಾದದ್ದು ಬ್ಯಾಟರಿಯ ಕನೆಕ್ಟರು, ಆಮೇಲೆ ಕ್ಯಾಮೆರಾದ್ದು. ಬಿಳಿ ಹಾಳೆಯ ಮೇಲೆ ಫೋನಿನ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಇಡಿ, ನಮ್ಮ ಹಳೇ ಕಂಪೋಸಿಂಗಿನಲ್ಲಿ ಅಚ್ಚುಮೊಳೆ ಅದರದರ ಮನೆಗೇ ಹೋಗುತ್ತಿದ್ದಂತೆ. ಕೂದಲಿನಷ್ಟು ಉದ್ದದ ಸ್ಕ್ರೂ ತಪ್ಪು ತೂತಿಗೆ ಹೋದರೂ ಬೋರ್ಡು ಸತ್ತೀತು. ಹೊಸ ಕ್ಯಾಮೆರಾ ಕೂರಿಸಿ, ಪರೀಕ್ಷಿಸಿ, ಆಮೇಲೆ ಗೋಂದು. ಇಷ್ಟಾದ ಮೇಲೆ ಮೊದಲಿನಂತೆ ನೀರು ತಡೆಯುತ್ತದೆಂದು ನಂಬಬೇಡಿ.

ಅಂದರೆ ಕಷ್ಟ ಇರುವುದು ಕೈಕೆಲಸದಲ್ಲಲ್ಲ, ಬೇಕೆಂದೇ ಹಾಕಿದ ಬೀಗದಲ್ಲಿ. ಅಪ್ಪನ ಕಾಲದ ಟ್ರೆಡಲ್ ಮಷೀನಿನ ಹಲ್ಲು ಮುರಿದರೆ ಲೇತಿನವನು ಸಂಜೆಗೆ ಮಾಡಿ ಕೊಡುತ್ತಿದ್ದ. ಡಿಟಿಪಿ ಬಂದ ಮೇಲೆ ಸಾಫ್ಟ್‌ವೇರಿಗೆ ಡಾಂಗಲ್ ಅನ್ನುವ ಬೀಗ ಬಂತು. ಅದಿಲ್ಲದಿದ್ದರೆ ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮ ಭಾಷೆಯೇ ಮೂಡುವುದಿಲ್ಲ! ಈಗ ಅದೇ ಬುದ್ಧಿ ಕ್ಯಾಮೆರಾಕ್ಕೆ ಬಂದಿದೆ. 2020ರಲ್ಲಿ ಐಫೋನ್ 12 ಬಂದಾಗ ಅಮೆರಿಕದ ಐಫಿಕ್ಸಿಟ್‌ನವರು ಎರಡು ಅಸಲಿ ಫೋನುಗಳ ಕ್ಯಾಮೆರಾ ಅದಲುಬದಲು ಮಾಡಿ ನೋಡಿದರು. ಅಸಲಿಗೆ ಅಸಲಿಯೇ ಒಗ್ಗಲಿಲ್ಲ. 2024ರ ಐಓಎಸ್ 18ರಲ್ಲಿ ಕಂಪನಿ ಸ್ವಲ್ಪ ಬಗ್ಗಿತು, ಬಳಸಿದ ಅಸಲಿ ಭಾಗವನ್ನು ಫೋನಿಗೆ ಹೊಂದಿಸಿಕೊಳ್ಳಲು ದಾರಿ ಬಿಟ್ಟಿತು. ಆ ವರ್ಷದ ಮಾರ್ಚಿನಲ್ಲೇ ಅಮೆರಿಕದ ಒರೆಗಾನ್ ರಾಜ್ಯ ಇಂಥ ಬೀಗದ ವಿರುದ್ಧ ಕಾಯ್ದೆ ಮಾಡಿತ್ತು. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ: ಮಾದರಿ ಮಾರಾಟ ನಿಂತ ಮೇಲೂ 7 ವರ್ಷ ರಿಪೇರಿಯವರಿಗೆ ಬಿಡಿಭಾಗ ಸಿಗಬೇಕು, ಮುಂದಿನ ಹಿಂದಿನ ಎರಡೂ ಕ್ಯಾಮೆರಾ ಸೇರಿ.

ನಮ್ಮಲ್ಲಿ? 2022ರ ಜುಲೈನಲ್ಲಿ ದಿಲ್ಲಿಯ ಗ್ರಾಹಕ ಇಲಾಖೆ ರಿಪೇರಿ ಹಕ್ಕಿಗೆ ಸಮಿತಿ ಮಾಡಿತು. ಡಿಸೆಂಬರ್ 24ಕ್ಕೆ ಪೋರ್ಟಲ್ ತೆರೆಯಿತು. 2025ರ ಮೇನಲ್ಲಿ ರಿಪೇರಿಗೆ ಎಷ್ಟು ಸುಲಭ ಎಂದು ಅಂಕ ಕೊಡುವ ವರದಿಯೂ ಸಲ್ಲಿಕೆಯಾಯಿತು. ಸಮಿತಿ, ಪೋರ್ಟಲ್, ವರದಿ... ಬಿಡಿಭಾಗ ಎಲ್ಲಿ? ಆಪಲ್ ಕಂಪನಿ 2022ರಲ್ಲಿ ಅಮೆರಿಕದ ಗ್ರಾಹಕರಿಗೆ, ಆಮೇಲೆ ಯುರೋಪಿನ 8 ದೇಶದವರಿಗೆ ಕೈಪಿಡಿ, ಬಿಡಿಭಾಗ, ಬಾಡಿಗೆಗೆ ಉಪಕರಣ ಕೊಟ್ಟು ಮನೆಯಲ್ಲೇ ರಿಪೇರಿ ಮಾಡಿಕೊಳ್ಳಿ ಎಂದಿತು. ಅದೇ ಕಂಪನಿಯ ಫೋನು ಜೋಡಿಸುವ ಕೈಗಳು ಯಾರವು? ಕೋಲಾರದ ನರಸಾಪುರದಲ್ಲಿ, ಈಗ ದೇವನಹಳ್ಳಿ ಪಕ್ಕದಲ್ಲೂ ಜೋಡಣೆ ನಡೆದಿದೆ. ಕನ್ನಡ ನೆಲದಲ್ಲಿ ಜೋಡಿಸಲು ಬರುತ್ತದೆ, ಕನ್ನಡದಲ್ಲಿ ಬಿಚ್ಚುವುದನ್ನು ಹೇಳಲು ಬರುವುದಿಲ್ಲವೇ?

ಭಾಷೆಯ ವಿಚಾರಕ್ಕೆ ಬಂದರೆ ಇನ್ನೂ ಸೊಗಸು! ಪೊಟ್ಟಣದ ಮೇಲಿನ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು ಎನ್ನುತ್ತದೆ ಕೇಂದ್ರದ 2011ರ ನಿಯಮ. ಕನ್ನಡ ಬೇಕಾದರೆ ಹಾಕಿಕೊಳ್ಳಿ ಅಷ್ಟೇ. ನಮ್ಮದೇ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಮಾತ್ರ, ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರುವ ವಸ್ತುವಿನ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ಮತ್ತೆ ನೆನಪಿಸಿ ಆದೇಶವನ್ನೂ ಹೊರಡಿಸಿತು. ಬಳಕೆಯ ವಿವರದೊಳಗೆ ರಿಪೇರಿಯ ವಿವರವನ್ನೂ ಸೇರಿಸಿ ಎಂದು ಕೇಳಲು ನಮಗೇನು ದಾಡಿ? ಬೋರ್ಡಿನ ಕನ್ನಡಕ್ಕೆ ಬೀದಿಗಿಳಿಯುವ ನಾವು ಡಬ್ಬದೊಳಗಿನ ಕನ್ನಡಕ್ಕೂ ಇಳಿಯಬೇಕು. ಓಬವ್ವ ಕೈಗೆ ಸಿಕ್ಕ ಒನಕೆ ಹಿಡಿದಳು, ಟೋಕನ್ ಹಿಡಿದು ಸರದಿಯಲ್ಲಿ ಕೂರಲಿಲ್ಲ.

ಕಂಪನಿ ಕೊಡುವವರೆಗೆ ಬಾಯಿ ಬಿಟ್ಟುಕೊಂಡು ಕಾಯುವುದೂ ಬೇಡ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಗಳಲ್ಲಿ ದಿನವಿಡೀ ಭೂತಗನ್ನಡಿ ಹಿಡಿದು ಕೂರುವ ಹುಡುಗರಿದ್ದಾರೆ. ಕೆಲಸ ಅವರಿಗೆ ಬರುತ್ತದೆ, ಬರೆದಿಡುವವರಿಲ್ಲ. ಕಾಲೇಜು ಓದುವ ನೀವು ಅವರ ಪಕ್ಕ ಒಂದು ವಾರ ಕೂತು, ಅವರು ಹೇಳಿದಂತೆ, ಅವರ ಮಾತಿನಲ್ಲೇ ಬರೆಯಿರಿ. ಎಂಟು ಪುಟವಾದರೆ ಸಾಕು. ಕಾಗದದ ಖರ್ಚು ಸಂಘದವರು ನೋಡಿಕೊಳ್ಳಲಿ, ಅಚ್ಚಿನ ಕೂಲಿ ನನಗೆ ಬೇಡ. ಚಿತ್ರ ದೊಡ್ಡದಾಗಿ ಬರೆದು ತನ್ನಿ, ಮೊದಲ ಪುಟದಲ್ಲಿ ಬ್ಯಾಟರಿಯ ಎಚ್ಚರಿಕೆ ದಪ್ಪಕ್ಷರದಲ್ಲಿರಲಿ.