ಅಂಗಳಕ್ಕೆ ಹುಲ್ಲುಹಾಸು

ಕಳೆದ ಸಂಚಿಕೆಯಲ್ಲಿ ಕುಂಡದ ತುಳಸಿಯ ವಿಷಯ ಬರೆದಿದ್ದೆನಷ್ಟೆ. ಅದನ್ನೋದಿದ ಇಬ್ಬರು ಸಂಘದ ಸಭೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದರು: “ನರ್ಸರಿಯಲ್ಲಿ ಚಾಪೆಯ ಹಾಗೆ ಕತ್ತರಿಸಿ ಮಾರುವ ಹುಲ್ಲನ್ನು ತಂದು ಹಾಸಿದರೆ ಈ ದೆಹಲಿಯಲ್ಲಿ ಬದುಕೀತೇ, ಸ್ವಾಮಿ?” ಇಬ್ಬರಿಗೂ ಈಚೆಗೆ ನೆಲ ಅಂತಸ್ತಿನ ಸರಕಾರಿ ಮನೆ ದೊರೆತಿದೆ. ಒಬ್ಬರ ಮನೆಗೆ ಊರಿನಿಂದ ತಾಯಿಯವರು ಬಂದಿದ್ದಾರೆ. ಮಗ ಮೂರನೆಯ ಮಹಡಿಯಲ್ಲಿರುವಷ್ಟು ಕಾಲ ಬರಲೊಪ್ಪದ ಆಕೆ, ಅಂಗಳವುಂಟೆಂದು ಕೇಳಿದ ಮೇಲೆ ರೈಲು ಹತ್ತಿದರಂತೆ. ಅಂಗಳವೇನೋ ಇದೆ. ಅದರಲ್ಲಿರುವುದು ಧೂಳು ಮತ್ತು ಇಟ್ಟಿಗೆಯ ಚೂರು.

ಬದುಕುತ್ತದೆ ಎಂದೇ ನನ್ನ ಉತ್ತರ. ಆದರೆ ನಾವು ಕೊಂಡು ತರುವುದು ಬೇರು ಕತ್ತರಿಸಿದ ಹುಲ್ಲು. ಮೇಲೆ ಎಷ್ಟೇ ಹಸುರಾಗಿ ಕಂಡರೂ ಅಡಿಯಲ್ಲಿರುವ ಅಂಗುಲದಷ್ಟು ಮಣ್ಣೇ ಅದರ ಆಸ್ತಿ. ಹೊಸ ಬೇರು ನಮ್ಮ ನೆಲಕ್ಕೆ ಇಳಿಯುವ ತನಕ, ಅಂದರೆ ಎರಡು ಮೂರು ವಾರ, ಅದು ಪೂರ್ತಿ ನಮ್ಮ ಕೈಯನ್ನೇ ನಂಬಿರುತ್ತದೆ. ಹಾಳಾಗುವುದಿದ್ದರೆ ಹೆಚ್ಚಾಗಿ ಆ ದಿನಗಳಲ್ಲಿಯೇ.

ಆದುದರಿಂದ ಮೊದಲು ಕಾಲ ನೋಡಬೇಕು. ನಮ್ಮ ಬೀದಿಯ ಒಂದು ಮನೆಯವರು ಮದುವೆಯ ಅವಸರಕ್ಕೆ ಮೇ ತಿಂಗಳಲ್ಲಿ ಹಾಸಿಸಿದರು. ಮದುವೆಯ ದಿನ ನೋಡಿದವರೆಲ್ಲ ಹೊಗಳಿದರು. ಬೀಗರು ಊರಿಗೆ ಹೊರಡುವ ಹೊತ್ತಿಗೆ ಅಂಗಳ ಹಪ್ಪಳವಾಗಿತ್ತು. ದೆಹಲಿಗೆ ಮಳೆ ಬರುವುದು ಸಾಮಾನ್ಯವಾಗಿ ಜೂನ್ ಕೊನೆಯಲ್ಲಿ. ಜುಲೈಯಿಂದ ಸೆಪ್ಟೆಂಬರ್ ನಡುವಿನವರೆಗೆ ಪ್ರಶಸ್ತ ಕಾಲ. ತಪ್ಪಿದರೆ ಫೆಬ್ರುವರಿ ಕಡೆಯಿಂದ ಮಾರ್ಚ್.

ಯಾವ ಹುಲ್ಲು? ಇಲ್ಲಿನವರು ದೂಬ್ ಎನ್ನುವುದು ನಮ್ಮ ಗಣಪತಿಯ ಗರಿಕೆಯನ್ನೇ. ನರ್ಸರಿಯವರು ‘ಸೆಲೆಕ್ಷನ್ ನಂಬರ್ 1’ ಎಂದು ಮಾರುವುದೂ ಅದರ ನಯವಾದ ಒಂದು ತಳಿ. ರಾಷ್ಟ್ರಪತಿ ಭವನದ ಉದ್ಯಾನಕ್ಕೆ (2023ರಿಂದ ಅದರ ಹೆಸರು ಅಮೃತ ಉದ್ಯಾನ) ಮೊದಲು ತಂದು ಹಾಕಿದ್ದೂ ದೂಬ್ ಹುಲ್ಲೇ, ಕಲ್ಕತ್ತೆಯ ಬೆಲ್ವೆಡೇರ್ ಎಸ್ಟೇಟಿನಿಂದ. ಕಣ್ಣಿಗೆ ಮಖಮಲ್ಲಿನಂತಿರುವ ಕೊರಿಯನ್ ಹುಲ್ಲು ಬಲು ನಿಧಾನವಾಗಿ ಹಬ್ಬುತ್ತದೆ. ಮಕ್ಕಳು ಓಡಾಡುವ ಮನೆಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ. ಗರಿಕೆಗೆ ಮಾತ್ರ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಬೇವಿನ ಮರದ ದಟ್ಟ ನೆರಳಿನಲ್ಲಿ ಹಾಸಿ ಕಾಸು ಕಳೆಯಬೇಡಿ. ಅಲ್ಲಿ ಒಂದು ಬೆಂಚು ಹಾಕಿ.

ಇನ್ನು ನೆಲದ ಕೆಲಸ. ಮಾಲಿಗಳು ಅವಸರ ಮಾಡುವುದು ಇಲ್ಲಿಯೇ: ಮೇಲೆ ಮೇಲೆ ಕೆದಕಿ, ಎರಡು ಬುಟ್ಟಿ ಗೊಬ್ಬರ ಚೆಲ್ಲಿ, ಹಾಸಿಬಿಡುತ್ತಾರೆ. ಒಪ್ಪಬೇಡಿ. ಒಂದು ಗೇಣಿಗೆ ಕಡಮೆಯಿಲ್ಲದಂತೆ ಅಗೆಸಿ. ಮನೆ ಕಟ್ಟಿದ ಕಾಲದ ಸುಣ್ಣ, ಜಲ್ಲಿ, ಸಿಮೆಂಟಿನ ಹೆಂಟೆ, ಇಲ್ಲಿನವರು ಮಲಬಾ ಎನ್ನುವುದೆಲ್ಲ ಹೊರಬರುತ್ತದೆ. ಆಮೇಲೆ ನೀರು ಚಿಮುಕಿಸಿ ಹತ್ತು ದಿನ ಸುಮ್ಮನೆ ಬಿಡಿ. ಅಡಗಿದ್ದ ಕಳೆ ತಲೆಯೆತ್ತುತ್ತದೆ. ಮುಖ್ಯವಾಗಿ ಜೇಕಿನ ಗೆಡ್ಡೆ, ಹಿಂದಿಯ ಮೋಥಾ. ಅದನ್ನು ಗೆಡ್ಡೆಸಹಿತ ಅಗೆದು ತೆಗೆಯಬೇಕು. ಮೇಲಿನ ಎಲೆ ಕಿತ್ತರೆ ಮತ್ತೆ ಹುಟ್ಟುತ್ತದೆ. ಹಾಸಿದ ಮೇಲೆ ಆ ಗೆಡ್ಡೆ ತೆಗೆಯುವುದೆಂದರೆ ಸೀರೆಯ ಒಳಗಿನ ಮುಳ್ಳು ತೆಗೆದಂತೆ. ಗೊಬ್ಬರ ಪೂರ್ಣ ಕೊಳೆತು, ವಾಸನೆಯಿಲ್ಲದೆ ಪುಡಿಯಾಗಿರಬೇಕು. ಹಸಿ ಸಗಣಿ ಗೆದ್ದಲಿಗೆ ಆಮಂತ್ರಣ. ನೆಲ ಸಮ ಮಾಡುವಾಗ ಮನೆಯ ಗೋಡೆಯಿಂದ ಹೊರಕ್ಕೆ ಸ್ವಲ್ಪ ಇಳಿಜಾರು ಕೊಡಿ. ಕಾಲುದಾರಿಗಿಂತ ಒಂದಂಗುಲ ತಗ್ಗಿರಲಿ, ಹುಲ್ಲು ಕೂತ ಮೇಲೆ ಸರಿಹೋಗುತ್ತದೆ.

ಹುಲ್ಲನ್ನು ಕೊಯ್ದ ದಿನವೇ ತಂದು ಅಂದೇ ಹಾಸಬೇಕು. ಒಂದರ ಮೇಲೊಂದು ಪೇರಿಸಿ ರಾತ್ರಿ ಇಟ್ಟರೆ ಒಳಗೆ ಬಿಸಿಯೇರಿ ಹಳದಿಯಾಗುತ್ತದೆ. ಗೋಡೆಯ ಇಟ್ಟಿಗೆಯಂತೆ ಸಂದಿಗೆ ಸಂದಿ ಎದುರಾಗದ ಹಾಗೆ, ಅಂಚಿಗೆ ಅಂಚು ಒತ್ತಿ ಜೋಡಿಸಿ. ಸಂದಿಗಳಿಗೆ ಮರಳು ಬೆರೆಸಿದ ಮಣ್ಣು ತುಂಬಿ, ಹಲಗೆಯಿಟ್ಟು ತುಳಿದು ಕೂರಿಸಿ, ಕೂಡಲೇ ನೀರು ಕೊಡಿ. ಒಂದು ಮೂಲೆ ಎತ್ತಿ ನೋಡಿ. ಕೆಳಗಿನ ನೆಲ ನಾಲ್ಕು ಬೆರಳಾಳ ಒದ್ದೆಯಾಗಿರಬೇಕು.

ನೀರಿನ ಲೆಕ್ಕ ಹೇಳದಿದ್ದರೆ ಗುಮಾಸ್ತನ ಕೈಗೆ ಸಮಾಧಾನವಿಲ್ಲ. 12 ಅಡಿ ಅಗಲ, 15 ಅಡಿ ಉದ್ದದ ಅಂಗಳ ಸುಮಾರು 17 ಚದರ ಮೀಟರು. ಚದರ ಮೀಟರಿಗೆ ಒಂದು ಲೀಟರು ಹೊಯ್ದರೆ ಅದು ಒಂದು ಮಿಲಿಮೀಟರು ಮಳೆ. ಮೊದಲ ಎರಡು ವಾರ ಮಳೆಯಿಲ್ಲದ ದಿನ ಆರು ಮಿಲಿಮೀಟರಾದರೂ ಬೇಕೆಂದಿಟ್ಟುಕೊಳ್ಳಿ: ನೂರು ಲೀಟರು, ಅಂದರೆ 15 ಲೀಟರಿನ ಏಳು ಬಕೆಟ್ಟು. ನಲ್ಲಿ ಗಂಟೆ ನೋಡಿ ಬರುವ ಬೀದಿಯಲ್ಲಿ ಏಳು ಬಕೆಟ್ಟು ಹೊರುವವರು ಯಾರೆಂಬುದನ್ನು ಹುಲ್ಲು ಕೊಳ್ಳುವ ಮೊದಲೇ ಮನೆಯಲ್ಲಿ ತೀರ್ಮಾನಿಸಿಕೊಳ್ಳುವುದು ಮೇಲು. ಆಗದಿದ್ದರೆ ಅರ್ಧ ಅಂಗಳಕ್ಕೆ ಹಾಸಿ. ತಾಯಿಯವರ ಕುರ್ಚಿಗೆ ಅಷ್ಟು ಸಾಕು. ಅಕ್ಕಿ, ತರಕಾರಿ ತೊಳೆದ ನೀರು ಆಗಬಹುದು. ಸಾಬೂನಿನ ನೀರು ಬೇಡ. ಆರ್‌ಓ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಎಳೆಯ ಹಾಸಿಗೆ ಅದನ್ನೂ ಹಾಕಬೇಡಿ.

ಆ ದಿನಗಳಲ್ಲಿ ಯಾರೂ ತುಳಿಯಬಾರದು. ಮಕ್ಕಳಿಗೆ ಇದನ್ನು ಒಪ್ಪಿಸುವ ಉಪಾಯ ನನಗೆ ತಿಳಿಯದು, ಹಗ್ಗ ಕಟ್ಟಿ. ಎರಡು ವಾರವಾದ ಮೇಲೆ ಮೂಲೆಯನ್ನು ಮೆಲ್ಲನೆ ಜಗ್ಗಿ ನೋಡಿ. ಎದ್ದು ಬರದಿದ್ದರೆ ಬೇರು ಹಿಡಿದಿದೆ. ಅಲ್ಲಿಂದ ಮುಂದೆ ನೀರಿನ ಸರದಿ ಕಡಮೆ ಮಾಡಿ, ಕೊಟ್ಟಾಗ ಆಳಕ್ಕೆ ಇಳಿಯುವಂತೆ ಕೊಡಿ. ಪ್ರತಿದಿನ ಚಿಮುಕಿಸುತ್ತಿದ್ದರೆ ಬೇರು ಮೇಲೆಯೇ ಉಳಿದು ಮುಂದಿನ ಬೇಸಗೆಯಲ್ಲಿ ಸೋಲುತ್ತದೆ. ಮೊದಲ ಕತ್ತರಿ ಮೂರನೆಯ ವಾರದ ಹೊತ್ತಿಗೆ, ಎತ್ತರದ ಮೂರರಲ್ಲೊಂದು ಪಾಲು ಮಾತ್ರ. ತಿಂಗಳೂವರೆಯ ಮೇಲೆ ಯೂರಿಯಾ ಹಾಕುವುದಾದರೆ ನೂರು ಚದರ ಮೀಟರಿಗೆ ಒಂದು ಕಿಲೋ ಲೆಕ್ಕ. ನಮ್ಮ ಅಂಗಳಕ್ಕೆ 170 ಗ್ರಾಂ. ಹಾಕಿದೊಡನೆ ನೀರು ಬಿಡಬೇಕು, ಇಲ್ಲವಾದರೆ ಸುಡುತ್ತದೆ.

ಡಿಸೆಂಬರು ಬಂತೆಂದರೆ ಗರಿಕೆ ಕಂದಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಕಡೆ ಇಂಥ ಚಳಿಯಿಲ್ಲದ್ದರಿಂದ ನಮ್ಮವರಿಗೆ ಗಾಬರಿಯಾಗುವುದು ಸಹಜ. ಅದು ಸತ್ತಿರುವುದಿಲ್ಲ, ಮಲಗಿರುತ್ತದೆ. ಆಗ ನೀರು ಅಪರೂಪಕ್ಕೆ ಸಾಕು, ಗೊಬ್ಬರ ಬೇಡವೇ ಬೇಡ. ಜನವರಿಯಲ್ಲಿ ಯಾರಾದರೂ ಮಾಲಿ ಗೇಟಿನ ಮುಂದೆ ನಿಂತು, ಇದು ಹೋಯಿತು, ಕಿತ್ತು ಹೊಸದು ಹಾಕಿಸಿ ಎಂದರೆ, ಹೋಳಿ ಕಳೆದ ಮೇಲೆ ಬಾರಪ್ಪ ಎಂದು ಹೇಳಿ ಕಳುಹಿಸಿ.