ಮುಳ್ಳುಬೇಲಿಯ ಆಚೆಬದಿ: ಕಾಡುಗೊಲ್ಲರ ಹಟ್ಟಿ ಮತ್ತು ಹೊರಗಿನ ಸಂಶೋಧಕ

ಕನ್ನಡದ ಜಾನಪದ ಅಧ್ಯಯನದಲ್ಲಿ ‘ಕ್ಷೇತ್ರಕಾರ್ಯ’ ಎಂಬುದು ಬಹುಮಟ್ಟಿಗೆ ಪ್ರಶ್ನಾತೀತವಾದ ಪರಿಕಲ್ಪನೆಯಾಗಿ ಉಳಿದಿದೆ. ಸಂಶೋಧಕನು ಹಳ್ಳಿಯಲ್ಲಿ ಎಷ್ಟು ದಿನ ತಂಗಿದ್ದ, ಯಾರ ಮನೆಯಲ್ಲಿ ಉಂಡ, ಯಾರೊಡನೆ ಮಾತನಾಡಲಾಗಲಿಲ್ಲ ಎಂಬ ವಿವರಗಳು ಪ್ರಸ್ತಾವನೆಯ ಕೃತಜ್ಞತೆಯ ಸಾಲುಗಳಲ್ಲಿ ಕರಗಿಹೋಗುತ್ತವೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಗೊಲ್ಲರಹಟ್ಟಿಗಳ ಸಂದರ್ಭದಲ್ಲಿ ಈ ಮೌನವು ಕೇವಲ ವಿಧಾನದ ಕೊರತೆಯಲ್ಲ.

ಹಟ್ಟಿಗೆ ಬಂದ ಹೊರಗಿನವನನ್ನು ಮೊದಲು ಸೆಳೆಯುವುದು ಗಣೆಯ ನಾದ. ದನಗಾಹಿ ಬದುಕಿನ ಸಾಂಸ್ಕೃತಿಕ ವೀರನಾದ ಜುಂಜಪ್ಪನ ಕಥನ, ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಅವನ ನೆಲೆ, ಎತ್ತಪ್ಪನ ಕಥೆಗಳು ಇವೆಲ್ಲ ಅಧ್ಯಯನಕ್ಕೆ ಒದಗಿದ ದೊಡ್ಡ ಸಂಪತ್ತು. ತೀ.ನಂ. ಶಂಕರನಾರಾಯಣರಂಥ ವಿದ್ವಾಂಸರು ಕಾಡುಗೊಲ್ಲರ ಸಂಪ್ರದಾಯಗಳನ್ನು ಶ್ರಮವಹಿಸಿ ದಾಖಲಿಸಿರದಿದ್ದರೆ ಇಂದು ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ. ಆದರೆ ಅನಂತರದ ಅನೇಕ ಬರಹಗಳಲ್ಲಿ ದಾಖಲೆಯ ಚೌಕಟ್ಟು ಮಾತ್ರ ಉಳಿದು ಪ್ರಶ್ನೆ ಕಳೆದುಹೋಯಿತು. ಮುಟ್ಟಾದ ಹೆಣ್ಣು, ಹೆತ್ತ ಬಾಣಂತಿ ಹಟ್ಟಿಯ ಬೇಲಿಯಾಚೆಯ ಗುಡಿಸಲಿನಲ್ಲಿ ಕಳೆಯಬೇಕಾದ ದಿನಗಳು ‘ಸೂತಕ’ ಎಂಬ ಉಪಶೀರ್ಷಿಕೆಯಡಿ, ಮದುವೆಯ ಶಾಸ್ತ್ರಕ್ಕೂ ಸಾವಿನ ವಿಧಿಗೂ ನಡುವೆ, ಅರ್ಧ ಪುಟದಲ್ಲಿ ಮುಗಿಯುತ್ತವೆ.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆಗಾಲದ ಅಂಥದೊಂದು ಗುಡಿಸಲಿನಲ್ಲಿ ತಾಯಿಯೊಡನಿದ್ದ ನವಜಾತ ಶಿಶು ಶೀತದಿಂದ ಅಸ್ವಸ್ಥಗೊಂಡು ತೀರಿಕೊಂಡಿತು. ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಬಲವಂತವಾಗಿ ಹೊರಗಿಡುವುದನ್ನು 2017ರ ಅಮಾನವೀಯ ದುಷ್ಟ ಪದ್ಧತಿಗಳ ಪ್ರತಿಬಂಧಕ ಕಾಯಿದೆ ಅದಾಗಲೇ ಅಪರಾಧವೆಂದು ಸಾರಿತ್ತು. ಪ್ರಭುತ್ವದ ಆಧುನಿಕತೆಯ ಇನ್ನೊಂದು ಮುಖವೂ ಇಲ್ಲಿದೆ: ಹಟ್ಟಿಗಳ ಬಳಿ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿದ್ದೂ ಸರ್ಕಾರವೇ. ಹೊರಗಿರುವಿಕೆ ನಿಲ್ಲಲಿಲ್ಲ, ಅದಕ್ಕೆ ಸಿಮೆಂಟಿನ ಗೋಡೆ ಬಂದಿತು. ಬಿಸಿಲು ಮಳೆಯಿಂದ ಒಂದಿಷ್ಟು ರಕ್ಷಣೆ ದೊರೆಯಿತೆಂಬುದನ್ನೂ ಅಲ್ಲಗಳೆಯಲಾಗದು.

ಹೊರಗಿನವನು ತೀರ್ಪು ನೀಡಬಾರದು, ಸಮುದಾಯದ ಅನನ್ಯತೆಯನ್ನು ಗೌರವಿಸಬೇಕು ಎಂಬ ವಾದಕ್ಕೆ ತೂಕವಿಲ್ಲದಿಲ್ಲ. ನಗರದಿಂದ ಬಂದವರ ಸುಧಾರಣೆಯ ಅಹಂಕಾರವನ್ನು ಹಟ್ಟಿಗಳು ಬೇಕಾದಷ್ಟು ಕಂಡಿವೆ. ಆದರೆ ಅನನ್ಯತೆಯ ಕುರಿತು ಮಾತನಾಡುವವರು ಯಾರು? ಸಂಶೋಧಕನಿಗೆ ವಕ್ತೃಗಳಾಗಿ ದೊರೆಯುವವರು ಸಾಮಾನ್ಯವಾಗಿ ಪೂಜಾರಿ, ಗಣೆಗಾರ, ಹಟ್ಟಿಯ ಯಜಮಾನ. ಗಂಡು ಸಂಶೋಧಕನಿಗೆ ಗುಡಿಸಲಿನ ಹತ್ತಿರ ಕುಳಿತು ಮಾತನಾಡುವ ಅವಕಾಶವೇ ವಿರಳ. ಹೀಗಾಗಿ ‘ಹಟ್ಟಿಯ ನಂಬಿಕೆ’ ಎಂದು ಅಚ್ಚಾಗುವುದು ಬೇಲಿಯೊಳಗಿನ ಗಂಡಸರ ಮಾತು. ಚಳ್ಳಕೆರೆ ಸೀಮೆಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದ ಮೇಲೂ, ಕಾಡುಗೊಲ್ಲ ಹೆಣ್ಣು ಹಾಡುಗಾರ್ತಿಯಾಗಿ ಮಾತ್ರ ಪಠ್ಯದೊಳಗೆ ಬರಬೇಕೆಂಬ ಅಲಿಖಿತ ನಿಯಮ ಸಡಿಲಗೊಂಡಂತಿಲ್ಲ.

ಇದಕ್ಕೆ ರಾಜಕೀಯದ ಆಯಾಮವೂ ಇದೆ. ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಬಹುಕಾಲದ್ದು, ನ್ಯಾಯವಾದದ್ದು. ಆದರೆ ಅಂಥ ಬೇಡಿಕೆಗಳನ್ನು ಅಳೆಯುವ 1965ರ ಲೋಕೂರ್ ಸಮಿತಿಯ ಮಾನದಂಡಗಳು ‘ಆದಿಮ ಲಕ್ಷಣ’, ‘ವಿಶಿಷ್ಟ ಸಂಸ್ಕೃತಿ’, ಪ್ರತ್ಯೇಕತೆ, ಹೊರಗಿನವರೊಡನೆ ಸಂಕೋಚ, ಹಿಂದುಳಿದಿರುವಿಕೆಗಳನ್ನು ಕೇಳುತ್ತವೆ. ಒಂದು ಇಲಾಖೆ ಬಿಡು ಎನ್ನುವ ಆಚರಣೆಯನ್ನು ಇನ್ನೊಂದು ಕಡತ ಪುರಾವೆಯಾಗಿ ಬೇಡುವಂತಾಗಿದೆ. ಆ ಕಡತಕ್ಕೆ ಆಧಾರ ಒದಗಿಸುವುದು ಸಂಶೋಧಕನ ಅದೇ ಅರ್ಧ ಪುಟ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆ ನೆಲ ಸೌರ ವಿದ್ಯುತ್ತಿಗೆ ಸಂದ ಮೇಲೆ ಮೇವಿನ ನೆಲೆಗಳ ಕಥೆಯೇನು ಎಂಬುದಂತೂ ಇನ್ನೊಂದು ಅಧ್ಯಯನದ ವಸ್ತು.

ಮಹಾಪ್ರಬಂಧಗಳ ಅನುಬಂಧದಲ್ಲಿ ವಕ್ತೃಗಳ ಹೆಸರು, ವಯಸ್ಸು, ಊರು ಇರುತ್ತವೆ. ಮಾತುಕತೆ ಬೇಲಿಯ ಯಾವ ಬದಿಯಲ್ಲಿ ನಡೆಯಿತೆಂಬುದಕ್ಕೂ ಅಲ್ಲೊಂದು ಅಂಕಣವಿರಲಿ. ಆ ಅಂಕಣ ಖಾಲಿಯಿದ್ದರೆ ಮೌಖಿಕ ಪರೀಕ್ಷೆಯಲ್ಲಿ ಕಾರಣ ಕೇಳುವುದು ಮಾರ್ಗದರ್ಶಕರ, ಪರೀಕ್ಷಕರ ಕೆಲಸ.