ಕ್ಯಾಮೆರಾಗೆ ಎಷ್ಟು ಆಯಸ್ಸು?

“ಆಗಿನ ಕ್ಯಾಮೆರಾ ಗಟ್ಟಿ, ಈಗಿನದು ನಾಲ್ಕು ವರ್ಷಕ್ಕೇ ಗುಜರಿ” ಅಂತ ಮನೆಯ ದೊಡ್ಡವರು ಹೇಳೋದನ್ನ ನಾವೆಲ್ಲ ಕೇಳಿದ್ದೇವೆ. ಮಿಕ್ಸಿ, ಫ್ಯಾನು, ಸ್ಕೂಟರು, ಎಲ್ಲಕ್ಕೂ ಇದೇ ಮಾತು. ಇಂಜಿನಿಯರಿಂಗ್ ಓದುವ ನಾವು ಇದಕ್ಕೆ ತಲೆಯಾಡಿಸುವ ಮೊದಲು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಮೊದಲು ಷಟರ್. ನಿಕಾನ್ ಡಿ700 ಕ್ಯಾಮೆರಾದ ಷಟರನ್ನು 1,50,000 ಕ್ಲಿಕ್‌ಗಳವರೆಗೆ ಪರೀಕ್ಷಿಸಿದ್ದೇವೆ ಅಂತ ಕಂಪನಿ ಹೇಳಿಕೊಂಡಿತ್ತು. ಇದನ್ನು ಫಿಲ್ಮ್ ಲೆಕ್ಕಕ್ಕೆ ತಿರುಗಿಸಿ. ರೋಲಿಗೆ 36 ಫೋಟೋ ಅಂದರೆ ಸುಮಾರು 4,166 ರೋಲು. ವಾರಕ್ಕೊಂದು ರೋಲು ಮುಗಿಸಿದರೂ 80 ವರ್ಷ ಬೇಕು! ಅದೇ ಕ್ಯಾಮೆರಾ ಹಿಡಿದವರು ಒಂದು ಮದುವೆಗೆ 2,000 ಸಲ ಕ್ಲಿಕ್ಕಿಸಿದರೆ 75 ಮದುವೆಗೆ ಅಷ್ಟೂ ಖರ್ಚು. ಅಂದರೆ ಡಿಜಿಟಲ್ ಕ್ಯಾಮೆರಾ ಬಡಕಲು ಅಲ್ಲ. ನಾವು ಅದನ್ನು ದುಡಿಸೋದೇ ಜಾಸ್ತಿ.

ಇನ್ನೊಂದು ಮಾತು. ಅಜ್ಜನ ಕಾಲದ ಕ್ಯಾಮೆರಾಗಳಲ್ಲಿ ಇವತ್ತು ನಮ್ಮ ಕಣ್ಣಿಗೆ ಬೀಳೋದು ಉಳಿದುಕೊಂಡವು ಮಾತ್ರ. ಒಡೆದು ಗುಜರಿಗೆ ಹೋದ ಅಗ್ಗದ ಪ್ಲಾಸ್ಟಿಕ್ ಫಿಲ್ಮ್ ಕ್ಯಾಮೆರಾಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ.

ಹಾಗಾದರೆ ದೊಡ್ಡವರ ಮಾತು ಪೂರ್ತಿ ಸುಳ್ಳೇ? ಅಲ್ಲ. 1982ರಲ್ಲಿ ಬಂದ ನಿಕಾನ್ ಎಫ್ಎಂ2 ತೆಗೆದುಕೊಳ್ಳಿ. ಅದರ ಷಟರ್ ಓಡೋದು ಸ್ಪ್ರಿಂಗು, ಗೇರುಗಳ ಮೇಲೆ. ಬ್ಯಾಟರಿ ಬೇಕಾಗೋದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಬ್ಯಾಟರಿ ಸತ್ತರೂ ಕೆಲಸ ನಿಲ್ಲದು: ಒಳ್ಳೆ ಬಿಸಿಲಲ್ಲಿ ಎಫ್/16 ಇಟ್ಟು, ಐಎಸ್ಒ 100ರ ಫಿಲ್ಮಿಗೆ ಸುಮಾರು 1/125 ಸೆಕೆಂಡ್ ಕೊಟ್ಟರೆ ಫೋಟೋ ಬಂದೇ ಬರುತ್ತದೆ. ಇದಕ್ಕೂ ವಯಸ್ಸಾಗುತ್ತದೆ. ಬೆಳಕು ತಡೆಯುವ ಫೋಮ್ ಅಂಟಂಟಾಗುತ್ತದೆ, ಗ್ರೀಸು ಗಟ್ಟಿಯಾಗುತ್ತದೆ. ಆದರೆ ಕೈಚಳಕ ಇರುವ ಮೆಕ್ಯಾನಿಕ್ ಇವನ್ನೆಲ್ಲ ಬಿಚ್ಚಿ, ಒರೆಸಿ, ಹೊಸದು ಹಾಕಬಲ್ಲ. ಮುಖ್ಯವಾಗಿ, ಪ್ರತಿ ರೋಲ್ ಹಾಕಿದಾಗಲೂ ಆ ಕ್ಯಾಮೆರಾಗೆ ಹೊಸ ಸೆನ್ಸರ್ ಹಾಕಿದಂತೆಯೇ!

ಡಿಜಿಟಲ್ ಕ್ಯಾಮೆರಾದ ಕಥೆ ಬೇರೆ. ಅದರ ಸೆನ್ಸರ್ ಹುಟ್ಟಿದಾಗ ಇದ್ದದ್ದೇ ಕೊನೆತನಕ. ಲಿಥಿಯಂ ಬ್ಯಾಟರಿ ಸುಮ್ಮನೆ ಕಪಾಟಿನಲ್ಲಿಟ್ಟರೂ ಮುದಿಯಾಗುತ್ತದೆ. ಸ್ಮಾರ್ಟ್‌ಮೀಡಿಯಾ, ಎಕ್ಸ್‌ಡಿ ಕಾರ್ಡುಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ನಮ್ಮ ಕಾಲೇಜಿನ ಫೋಟೋ ಕ್ಲಬ್ಬಿನಲ್ಲಿ ಒಂದು ಕ್ಯಾಮೆರಾ ಇದೆ. ಲೆನ್ಸ್ ಚೆನ್ನಾಗಿದೆ, ಷಟರ್ ಚೆನ್ನಾಗಿದೆ, ಸೆನ್ಸರ್ ಕೂಡ ಚೆನ್ನಾಗಿದೆ. ಮದರ್‌ಬೋರ್ಡಿನಲ್ಲಿ ಮಾತ್ರ ದೋಷ. “ಪಾರ್ಟ್ ಬರಲ್ಲ, ಹೊಸದು ತಗೊಳ್ಳಿ” ಅಂದರು ಸರ್ವಿಸ್ ಸೆಂಟರಿನವರು. ಅದು ಸವೆದು ಸತ್ತಿದ್ದಲ್ಲ, ಬಿಡಿಭಾಗ ಸಿಗದೆ ಸತ್ತಿದ್ದು.

ಫಿಲ್ಮ್ ಕೂಡ ಅಮರವೇನಲ್ಲ ಬಿಡಿ. ಕೊಡಕ್ 2009ರಲ್ಲಿ ಕೊಡಾಕ್ರೋಮ್ ನಿಲ್ಲಿಸಿತು. 2010ರ ಕೊನೆಗೆ ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬೂ ಕೈಚೆಲ್ಲಿತು. ಕ್ಯಾಮೆರಾ ಗಟ್ಟಿಯಾಗಿದ್ದು ಏನು ಬಂತು? ಆದರೂ ಅದೇ ಕ್ಯಾಮೆರಾ ಬೇರೆ ಕಂಪನಿಯ 35 ಎಂಎಂ ರೋಲನ್ನು ಹಾಕಿಸಿಕೊಂಡು ಮುಂದೆ ನಡೆಯಿತು. ಯಾಕೆಂದರೆ ರೋಲಿನ ಅಳತೆ ಎಲ್ಲರಿಗೂ ಒಂದೇ. ಡಿಜಿಟಲ್‌ನಲ್ಲಿ ಬ್ಯಾಟರಿಯ ಆಕಾರವೇ ಕಂಪನಿಗೊಂದು, ಮಾಡೆಲ್ಲಿಗೊಂದು.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು: ಜಗಳ ಫಿಲ್ಮಿಗೂ ಡಿಜಿಟಲ್ಲಿಗೂ ಅಲ್ಲ, ರಿಪೇರಿ ಆಗುವ ವಸ್ತುವಿಗೂ ಆಗದ ವಸ್ತುವಿಗೂ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರಿ’ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಅಂಟು ಹಾಕಬೇಕೋ ಸ್ಕ್ರೂ ಹಾಕಬೇಕೋ ಅಂತ ನಿರ್ಧರಿಸೋದು ಪೋರ್ಟಲ್ ಅಲ್ಲ, ಡಿಸೈನ್ ಟೇಬಲ್ಲಿನ ಮುಂದೆ ಕೂತ ಇಂಜಿನಿಯರ್. ನಾಳೆ ಆ ಕುರ್ಚಿಯಲ್ಲಿ ಕೂರುವವರು ನಾವೇ ಅಲ್ವಾ?

ಒಂದು ಚಿಕ್ಕ ಸಲಹೆ. ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನ ಕೊನೆಗೆ ‘ಫ್ಯೂಚರ್ ಸ್ಕೋಪ್’ ಅಂತ ಒಂದು ಅಧ್ಯಾಯ ಬರೀತೀವಿ, ಸೀನಿಯರ್ಸ್ ಬರೆದಿದ್ದನ್ನೇ ತಿರುವಿ ಹಾಕಿ. ಈ ವರ್ಷ ಅದರ ಜೊತೆ ‘ಇದು ಕೆಟ್ಟರೆ ರಿಪೇರಿ ಹೇಗೆ?’ ಅಂತ ಒಂದೇ ಒಂದು ಪುಟ ಸೇರಿಸೋಣ: ಯಾವ ಭಾಗ ಮೊದಲು ಕೆಡುತ್ತೆ, ಹೇಗೆ ಬಿಚ್ಚಬೇಕು, ಎಸ್.ಪಿ. ರೋಡಿನಲ್ಲಿ ಆ ಪಾರ್ಟ್ ಸಿಗುತ್ತಾ. ಆ ಪುಟ ಬರೆಯೋಕೆ ಆಗಲಿಲ್ಲ ಅಂದರೆ ಡಿಸೈನನ್ನೇ ಇನ್ನೊಮ್ಮೆ ನೋಡೋಣ.